ಮಡಚುವ ಕೈ

ನಮ್ಮ ಮನೆಯ ಮೇಜು ಮಡಚಿದರೆ ಒಂಬತ್ತು ಇಂಚು, ಬಿಡಿಸಿದರೆ ಮೂರೂವರೆ ಅಡಿ. 1987ರಲ್ಲಿ ನನ್ನ ಮಾವ ಅದನ್ನು ಮುಂಬಯಿಯ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಕೊಂಡರು. ಹಮಾಲನ ತಲೆಯ ಮೇಲೆ ಮಸ್ಜಿದ್ ಸ್ಟೇಷನ್ನಿಗೆ ಹೊರಿಸಿ, ಲೋಕಲ್ ಗಾಡಿಯ ಲಗೇಜು ಡಬ್ಬಿಯಲ್ಲಿ ಮೀನಿನ ಬುಟ್ಟಿಗಳ ಪಕ್ಕ ನಿಂತುಕೊಂಡು ಡೊಂಬಿವಲಿಗೆ ತಂದರು. ಎರಡು ಬಕೆಟ್ ನೀರು ಸುರಿದು ತೊಳೆಯೋಣ ಎಂದು ಹೊರಟ ನನ್ನನ್ನು ತಡೆದರು. ಸಾಗುವಾನಿಗೆ ಮೈಲಿಗೆಯಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು ಎಂದರು.

ಡೊಂಬಿವಲಿ ಪೂರ್ವದ ಆ ಮನೆ ಒಂದು ರೂಮು, ಒಂದು ಅಡುಗೆಕೋಣೆ. ಎಲ್ಲ ಸೇರಿ 270 ಚದರಡಿ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮಾವ, ನಾವಿಬ್ಬರು ಗಂಡಹೆಂಡತಿ, ಮಗ. ಅಲ್ಲಿ ಯಾವ ಸಾಮಾನಿಗೂ ಇಡೀ ದಿನದ ಜಾಗ ಅಂತ ಇರಲಿಲ್ಲ. ಬೆಳಿಗ್ಗೆ ಮೇಜಿನ ಒಂದು ರೆಕ್ಕೆ ಎತ್ತಿ ಇವರಿಗೆ ಡಬ್ಬಿ ಕಟ್ಟುತ್ತಿದ್ದೆ. ಹತ್ತರಿಂದ ಹನ್ನೆರಡು ಮಾವನ ಓದು. ಸಂಜೆ ಮಗನ ಹೋಂವರ್ಕ್. ರಾತ್ರಿ ಊಟವಾದ ಮೇಲೆ ಮೇಜು ಮಡಚಿ ಗೋಡೆಗೆ ಸರಿಸಿದರೆ ಆ ನೆಲದ ಮೇಲೆ ನಮ್ಮ ಹಾಸಿಗೆಗಳು ಬೀಳುತ್ತಿದ್ದವು. ಮಡಚುವುದು ಮಾತ್ರ ಮಾವನದೇ ಕೆಲಸ. ಬೇರೆ ಯಾರಿಗೂ ಬಿಡುತ್ತಿರಲಿಲ್ಲ.

ಆ ಮೇಜು ಮಾಡಿದ ಆಚಾರಿ ಯಾರೋ ಗೊತ್ತಿಲ್ಲ, ಅವನಿಗೆ ನಾನು ಎಷ್ಟೋ ಸಲ ಮನಸ್ಸಿನಲ್ಲೇ ಕೈಮುಗಿದಿದ್ದೇನೆ. ನಡುವಿನ ಪಟ್ಟಿಗೆ ನಾಲ್ಕು ಕಾಲು. ಎರಡು ಬದಿಗೆ ಗೇಟಿನ ಹಾಗೆ ತಿರುಗಿ ಹೊರಬರುವ ಇನ್ನೆರಡು. ರೆಕ್ಕೆ ಎತ್ತಿ ಆ ಕಾಲನ್ನು ಎಳೆದು ಅಡಿಗೆ ಕೊಟ್ಟರೆ ನಿಂತಿತು. ರೆಕ್ಕೆ ಸೇರುವ ಅಂಚನ್ನು ಒಂದು ಕಡೆ ಉಬ್ಬಾಗಿ, ಇನ್ನೊಂದು ಕಡೆ ತಗ್ಗಾಗಿ ಕೆತ್ತಿದ್ದಾನೆ. ಹಾಗಾಗಿ ರೆಕ್ಕೆ ಇಳಿದಾಗಲೂ ನಡುವೆ ಬಿರುಕು ಕಾಣುವುದಿಲ್ಲ, ಹಿತ್ತಾಳೆಯ ಬಿಜಾಗರಿ ಒಳಗೇ ಅಡಗಿರುತ್ತದೆ. ಬಿಜಾಗರಿ ಎಂಬ ಮಾತು ಮರಾಠಿಯಲ್ಲೂ ಅದೇ. ನಾನು ಡೊಂಬಿವಲಿಗೆ ಬಂದ ಹೊಸತರಲ್ಲಿ ಅಂಗಡಿಯವನ ಹತ್ತಿರ ಹೆದರಿಕೆಯಿಲ್ಲದೆ ಕೇಳಿದ ಮೊದಲ ವಸ್ತು ಅದು.

ಮಾವ ಸಾಲಿಗ್ರಾಮದ ಕಡೆಯವರು. ಹನ್ನೆರಡನೇ ವರ್ಷಕ್ಕೆ ಮುಂಬಯಿಗೆ ಬಂದು ಕೋಟೆ ಪ್ರದೇಶದ ಒಂದು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದವರು. ಹಗಲಿಗೆ ದುಡಿತ, ಸಂಜೆಗೆ ಕನ್ನಡ ರಾತ್ರಿಶಾಲೆ. ಶಟರ್ ಎಳೆದ ಮೇಲೆ ಗಿರಾಕಿಗಳು ತಿಂದೆದ್ದ ಮೇಜುಗಳನ್ನೇ ಜೋಡಿಸಿ ಮಲಗುತ್ತಿದ್ದರಂತೆ. ಆ ಕಾಲದ ಹೋಟೆಲ್ ಹುಡುಗರ ಪಾಡೇ ಅದು. ಮುಂದೆ ಗಲ್ಲೆಗೆ ಬಂದರು, ಮನೆ ಮಾಡಿದರು. ನಿವೃತ್ತರಾದ ಮೇಲೆ ಕನ್ನಡ ಅರ್ಥವಿಟ್ಟುಕೊಂಡು ಶಂಕರರ ಭಾಷ್ಯ ಓದಲು ಕೂತರು. ಕಲಿಸುವವರಿರಲಿಲ್ಲ, ದಿನಕ್ಕೆ ಅರ್ಧ ಪುಟ. ಬಿ.ಎ.ಯಲ್ಲಿ ನಾನು ಸಂಸ್ಕೃತ ಓದಿದ್ದೆ ಎಂಬ ಒಂದೇ ಕಾರಣಕ್ಕೆ ತೊಡಕಾದಾಗಲೆಲ್ಲ ನನ್ನನ್ನು ಕೂಗುತ್ತಿದ್ದರು.

ಒಂದು ರಾತ್ರಿ ಮೇಜು ಮಡಚಿ, ಅದರ ತಲೆಯ ಮೇಲೆ ಅಂಗೈಯಿಟ್ಟು, "ಇಲ್ಲ್ ಕಾಣ್ ಹೆಣೆ, ಈಗ ಮೇಜ್ ಎಲ್ಲ್ ಹೋಯ್ತ್?" ಎಂದು ಕೇಳಿದರು. ತಮಾಷೆಯ ಪ್ರಶ್ನೆಯಲ್ಲ. ಅವತ್ತು ಬೆಳಿಗ್ಗೆ ಅವರು ಓದಿದ್ದು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದ, ಹತ್ತೊಂಬತ್ತನೆಯ ಸೂತ್ರ. ಅಲ್ಲಿ ಬಟ್ಟೆಯ ದೃಷ್ಟಾಂತ ಬರುತ್ತದೆ. ಸುತ್ತಿಟ್ಟ ಬಟ್ಟೆಯನ್ನು ಕಂಡರೆ ಅದು ಬಟ್ಟೆಯೋ ಬೇರೇನೋ ತಿಳಿಯುವುದಿಲ್ಲ. ತಿಳಿದರೂ ಉದ್ದಗಲ ಗೊತ್ತಾಗುವುದಿಲ್ಲ. ಹರಡಿದಾಗ ಎಲ್ಲ ಸ್ಪಷ್ಟ. ಹಾಗೆಂದು ಹರಡಿದ್ದು ಬೇರೆ ಬಟ್ಟೆಯಲ್ಲ. ಕಾರ್ಯ ಕಾರಣಕ್ಕಿಂತ ಬೇರೆಯಲ್ಲ ಎಂದು ತೋರಿಸಲು ಆಚಾರ್ಯರು ಈ ಮಾತನ್ನು ಬಳಸುತ್ತಾರೆ. ನೈಯಾಯಿಕರು ಒಪ್ಪುವುದಿಲ್ಲ. ಅವರ ಪ್ರಕಾರ ಮಡಕೆ ಹುಟ್ಟುವ ಮೊದಲು ಮಡಕೆ ಇರಲೇ ಇಲ್ಲ, ಹುಟ್ಟಿದ್ದು ಹೊಸತು.

ಮಾವನಿಗೆ ಇದು ಪುಸ್ತಕದ ಜಗಳವಾಗಿರಲಿಲ್ಲ. ಒಳಗಿನಿಂದ ಅವರ ವ್ಯಾಸಪೀಠ ತಂದು ನನ್ನ ಮುಂದೆ ಇಟ್ಟರು. ಅದನ್ನು ಒಂದೇ ಹಲಗೆಯಿಂದ ಮಾಡುತ್ತಾರೆ. ಎರಡು ತುದಿಯಿಂದಲೂ ಹಲಗೆಯ ದಪ್ಪವನ್ನು ಸೀಳುತ್ತ ಬಂದು, ನಡುವೆ ಬೆರಳಿಗೆ ಬೆರಳು ಹೆಣೆದ ಹಾಗೆ ಗಂಟುಗಳನ್ನು ಬಿಡಿಸುತ್ತಾರೆ. ಮೊಳೆಯಿಲ್ಲ, ಬಿಜಾಗರಿಯಿಲ್ಲ, ಅಂಟಿಲ್ಲ. ಮಡಚಿದರೆ ಮತ್ತೆ ಹಲಗೆ. ಬಿಡಿಸಿದರೆ ಗ್ರಂಥ ಹೊರುವ ಪೀಠ. ಅದೇ ಬಗೆಯ ಪೀಠದ ಮೇಲೆ ಕುರಾನ್ ಇಟ್ಟು ಓದುವ ಮನೆಗಳೂ ಇವೆ. "ಇದನ್ನ್ ಕಂಡ್ರೆ ನೈಯಾಯಿಕ ಎಂತ ಹೇಳುಗು?" ಎಂದರು. ಗರಗಸ ಬರುವವರೆಗೆ ಪೀಠ ಎಲ್ಲಿತ್ತು ಎಂದು ಕೇಳಿಯಾನು ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ನನ್ನ ಉತ್ತರ ಅವರಿಗೆ ಹಿಡಿಸಿತು ಅಂತಲೇ ನಾನು ತಿಳಿದೆ, ಯಾಕೆಂದರೆ ಮರುದಿನ ಅರ್ಧ ಪುಟವನ್ನೂ ಓದದೆ ಅದೇ ಸೂತ್ರಕ್ಕೆ ಹಿಂತಿರುಗಿದ್ದರು.

2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಬಿತ್ತು. ಕಲ್ಯಾಣ, ಡೊಂಬಿವಲಿ, ಬದ್ಲಾಪುರಗಳಿಗೂ ನೀರು ನುಗ್ಗಿತು. ನಮ್ಮದು ತಳಮಹಡಿ. ಪ್ಲೈವುಡ್ಡಿನ ಕಪಾಟು ಉಬ್ಬಿ ಪದರ ಬಿಟ್ಟಿತು. ಮೇಜಿನ ಕಾಲಿಗೆ ಬಿಳಿಯ ಗೆರೆ ಬಂತು, ಅಷ್ಟೆ. ಪಾಲಿಶ್ ಮಾಡಲು ಉಲ್ಹಾಸನಗರದ ಫರ್ನಿಚರ್ ಬಜಾರಿನಿಂದ ಒಬ್ಬ ಸಿಂಧಿ ಮುದುಕರು ಬಂದರು. ಚಪಡಾ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಅದ್ದಿ, ಸುತ್ತು ಸುತ್ತಾಗಿ ಉಜ್ಜಿದರು. ಒಣಗಿದ ಮೇಲೆ ಮತ್ತೊಂದು ಕೈ, ಮಾರನೆಯ ದಿನ ಇನ್ನೊಂದು. ಮಹಾಯುದ್ಧದ ಕಾಲದ ಕಲ್ಯಾಣದ ಮಿಲಿಟರಿ ಕ್ಯಾಂಪೇ ದೇಶ ಒಡೆದಾಗ ನಿರಾಶ್ರಿತರ ಶಿಬಿರವಾಗಿ, ಆಮೇಲೆ ಉಲ್ಹಾಸನಗರವಾದದ್ದು. ಅವರು ಆ ಬ್ಯಾರಕಿನಲ್ಲೇ ಬೆಳೆದವರು. ಕೆಲಸ ಮಾಡುತ್ತಲೇ ಹೇಳಿದರು: ದಂಡಿನವರ ಮೇಜು-ಕುರ್ಚಿಗಳೂ ಹೀಗೇ ಮಡಚುತ್ತಿದ್ದವು, ಅವರಿಗೆ ಹೊರಡಲು ಹುಕುಂ ಬರುತ್ತಿತ್ತು, ನಾವು ಸಿಂಧ್ ಬಿಟ್ಟಾಗ ಮಡಚುವಂಥದ್ದು ನಮ್ಮ ಮನೆಯಲ್ಲಿ ಏನೂ ಇರಲಿಲ್ಲ, ಎಲ್ಲ ಅಲ್ಲೇ ಉಳಿಯಿತು. ಮಾವ ಅವರಿಗೆ ಎರಡನೇ ಲೋಟ ಕಾಫಿ ಕೊಡಲು ಹೇಳಿದರು.

ಅದಾದ ಎರಡು ವರ್ಷಕ್ಕೆ ಮಾವನ ಕೈ ನಡುಗತೊಡಗಿತು. ಒಂದು ರಾತ್ರಿ ರೆಕ್ಕೆ ಜಾರಿ ಬೆರಳಿಗೆ ಪೆಟ್ಟಾಯಿತು. ಮರುದಿನದಿಂದ ಇವರೇ ಮಡಚಲು ಶುರುಮಾಡಿದರು. ಪ್ರೀತಿಯಿಂದಲೇ ಮಾಡಿದ್ದು. ಮಾವ ಓದುತ್ತಿದ್ದರೆ ಮುಗಿಯುವವರೆಗೆ ಕಾಯುತ್ತಿದ್ದರು ಕೂಡ. ಆದರೆ ಇವರು ಬಂದು ಪಕ್ಕದಲ್ಲಿ ನಿಂತರೆ ಸಾಕು, ಮಾವ ಪುಸ್ತಕ ಮುಚ್ಚಿ ಮೇಜಿನಿಂದ ಕೈ ತೆಗೆದುಬಿಡುತ್ತಿದ್ದರು. ಆ ಮುಖ ನಾನು ಮರೆತಿಲ್ಲ. ಮೇಜು ಅದೇ, ಹೊತ್ತು ಅದೇ, ಗೋಡೆಯೂ ಅದೇ. ಇಪ್ಪತ್ತು ವರ್ಷ ಅವರು ಪ್ರತಿ ರಾತ್ರಿ ನಮಗಾಗಿ ಜಾಗ ಬಿಡುತ್ತಿದ್ದರು. ಈಗ ಅವರಿಂದ ಜಾಗ ಬಿಡಿಸುತ್ತಿದ್ದೆವು.

ಅಂದಿನಿಂದ ನನ್ನನ್ನು ಕಾಡುವ ಪ್ರಶ್ನೆ ಮಾವನ ಪ್ರಶ್ನೆಯಲ್ಲ. ಮಡಚಿದ ಬಟ್ಟೆ ಬಟ್ಟೆಯೇ ಎಂದು ನಾನು ಒಪ್ಪುತ್ತೇನೆ. ಆದರೆ ಬಟ್ಟೆ ತಾನಾಗಿ ಮಡಚಿಕೊಳ್ಳುವುದಿಲ್ಲ. ಸೂತ್ರಕ್ಕೆ ಅದು ಬೇಕಾಗಿಲ್ಲ, ಅಲ್ಲಿಯ ವಿಚಾರವೇ ಬೇರೆ. ಗೀತೆಯ ಎರಡನೆಯ ಅಧ್ಯಾಯದಲ್ಲಿ ಸ್ಥಿತಪ್ರಜ್ಞನನ್ನು ಹೇಳುವಾಗ ಇನ್ನೊಂದು ದೃಷ್ಟಾಂತವಿದೆ: ಆಮೆ ಅಂಗಗಳನ್ನು ಒಳಗೆ ಎಳೆದುಕೊಳ್ಳುವಂತೆ ಅವನು ಇಂದ್ರಿಯಗಳನ್ನು ವಿಷಯಗಳಿಂದ ಎಳೆದುಕೊಳ್ಳುತ್ತಾನೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ, ದೊಡ್ಡದು ಚಿಕ್ಕದಾಯಿತು. ಆದರೆ ಆಮೆಯನ್ನು ಯಾರೂ ಮಡಚಿಲ್ಲ. ಕಾಲು ಚಾಚುವುದೂ ಅದರದೇ, ಎಳೆದುಕೊಳ್ಳುವುದೂ ಅದರದೇ. ಅದನ್ನು ಹಿಡಿದು ಬಲವಂತವಾಗಿ ಕಾಲು ಒಳಗೆ ತಳ್ಳಿದರೆ ಅದು ಸ್ಥಿತಪ್ರಜ್ಞೆಯ ಉಪಮೆಯಾಗಿ ಉಳಿದೀತೇ?

ಸಣ್ಣ ಮನೆಗಳಲ್ಲಿ ನಾವು ಅಪರಿಗ್ರಹ, ಸಂಯಮ, ಹೊಂದಾಣಿಕೆ ಎಂಬ ಒಳ್ಳೆಯ ಹೆಸರುಗಳನ್ನು ಬಹಳ ಬಳಸುತ್ತೇವೆ. ಅವು ಒಳ್ಳೆಯ ಹೆಸರುಗಳೇ. 270 ಚದರಡಿಯಲ್ಲಿ ನಾಲ್ಕು ಜನ ಬದುಕಿದ್ದು ಅವುಗಳಿಂದಲೇ. ಆದರೆ ತಾನಾಗಿ ಕುಗ್ಗಿದವನ ತ್ಯಾಗವನ್ನೂ, ಯಾರೋ ಮಡಚಿಟ್ಟವನ ಮೌನವನ್ನೂ ಒಂದೇ ಹೆಸರಿನಿಂದ ಕರೆದರೆ ಅದು ಸುಳ್ಳು. ನಾನೂ ನನ್ನ ಸಂಸ್ಕೃತವನ್ನು ಮದುವೆಯ ಮರುವರ್ಷ ಟ್ರಂಕಿಗೆ ಹಾಕಿದವಳು. ಎಂ.ಎ. ಮಾಡಬೇಕೆಂದಿದ್ದೆ. ಯಾರೂ ಬೇಡ ಅನ್ನಲಿಲ್ಲ, ನಾನೇ ಬಿಟ್ಟೆ ಎಂದು ಬಹಳ ವರ್ಷ ಹೇಳಿಕೊಂಡು ಬಂದೆ. ನಿಜವಾಗಿ ನಾನೇ ಬಿಟ್ಟೆನೇ? ಅರ್ಧ ಹೌದು ಎನ್ನುತ್ತೇನೆ. ಉಳಿದರ್ಧವನ್ನು ಆ ಮನೆಯ ಅಳತೆ ಬಿಡಿಸಿತು. ಮಾವ ಕೂಗಿದಾಗಲೆಲ್ಲ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಓಡುತ್ತಿದ್ದೆನಲ್ಲ, ಆ ಹತ್ತು ನಿಮಿಷ ನನ್ನ ಒಂದು ರೆಕ್ಕೆ ಎದ್ದು ನಿಲ್ಲುತ್ತಿತ್ತು.

2009ರಲ್ಲಿ ಮಾವ ಹೋದರು. ಆಮೇಲೆ ಮೇಜು ಬಿಡಿಸುವ ಮನಸ್ಸು ಯಾರಿಗೂ ಬರಲಿಲ್ಲ. ಹತ್ತು ವರ್ಷ ಅದು ಕಪಾಟಿನ ಹಿಂದೆ ಇತ್ತು. ಅದು ಗೌರವ ಅಂದುಕೊಂಡಿದ್ದೆ. ತಪ್ಪು ಮಾಡಿದೆ ಎಂದು ಈಗ ಅನ್ನಿಸುತ್ತದೆ.

ಮಗ ಖಾರ್‌ಘರ್‌ನಲ್ಲಿ ಮನೆ ಕೊಂಡು ನಮ್ಮನ್ನು ಕರೆದಾಗ ಠಾಣೆಯಿಂದ ಒಬ್ಬರು ಹಳೆಯ ಸಾಮಾನು ಕೊಳ್ಳುವವರು ಬಂದರು. ಆಂಟಿಕ್ ಎಂದು ಒಳ್ಳೆಯ ಬೆಲೆ ಹೇಳಿದರು. 1972ರ ಕಾಯಿದೆಯ ಪ್ರಕಾರ ಪುರಾತನ ವಸ್ತು ಎನ್ನಬೇಕಾದರೆ ನೂರು ವರ್ಷ ಆಗಿರಬೇಕು, ಹಸ್ತಪ್ರತಿಗಾದರೆ ಎಪ್ಪತ್ತೈದು. ನಮ್ಮ ಮೇಜಿನ ಜಾತಕ ಯಾರ ಹತ್ತಿರವೂ ಇಲ್ಲ. ಕೊಡುವುದಿಲ್ಲ ಎಂದೆ. ಶೀಳ್ ಫಾಟಾ, ತಲೋಜಾ ದಾರಿಯಾಗಿ ಟೆಂಪೋದಲ್ಲಿ ಬಂತು. ಹತ್ತು ವರ್ಷ ಅಲುಗಾಡದೆ ಒಂದು ಬಿಜಾಗರಿ ಹಿಡಿದುಕೊಂಡಿತ್ತು. ಎಣ್ಣೆ ಬಿಟ್ಟರೂ ಬರಲಿಲ್ಲ, ಎಳೆದಾಗ ಮುರಿಯಿತು. ಠಾಣೆಯ ಜಾಂಬಳಿ ನಾಕಾದಲ್ಲಿ ಅರ್ಧ ದಿನ ಅಲೆದು ಅದೇ ಅಳತೆಯ ಹಿತ್ತಾಳೆಯದು ತಂದೆ. ಮೂರು ಹಳತು, ಒಂದು ಹೊಸತು. ಹೊಸತು ಇನ್ನೂ ಹೆಚ್ಚು ಹೊಳೆಯುತ್ತದೆ.

ಖಾರ್‌ಘರ್‌ನಲ್ಲಿ ಜಾಗಕ್ಕೆ ಅಷ್ಟೇನೂ ಕೊರತೆಯಿಲ್ಲ. ಆದರೂ ಮೊಮ್ಮಗಳು ಸಂಜೆ ಹಾಲಿನಲ್ಲಿ ಆಡುತ್ತಾಳೆ, ಮಡಚಲೇಬೇಕು. ಮಾವನ ಭಾಷ್ಯವನ್ನು ಅವರು ನಿಲ್ಲಿಸಿದ ಪುಟದಿಂದ ಮುಂದುವರಿಸಿದ್ದೇನೆ. ದಿನಕ್ಕೆ ಅರ್ಧ ಪುಟ, ಅಂಚಿನಲ್ಲಿ ಅವರ ಪೆನ್ಸಿಲ್ ಗುರುತುಗಳು ಇಲ್ಲದ ಕಡೆ ಸ್ವಲ್ಪ ಹೆಚ್ಚು ಹೊತ್ತು. ನಿನ್ನೆ ಮಗ ಆಫೀಸಿನಿಂದ ಬಂದು ಬ್ಯಾಗಿಟ್ಟು ಮೇಜಿನ ಪಕ್ಕ ನಿಂತ.

"ಅಮ್ಮ, ಮಡಚಲಾ?"

"ಇನ್ನು ನಾಲ್ಕು ಸಾಲು ಇದೆ. ಆಮೇಲೆ ನಾನೇ ಮಡಚುತ್ತೇನೆ."

ಅವನು ಕುರ್ಚಿ ಎಳೆದುಕೊಂಡು ಎದುರಿಗೆ ಕೂತ.