ಸುಸ್ತು ಸ್ವಭಾವವಲ್ಲ

ಮನೆಯ ಹೆಂಗಸು ‘ಯಾಕೋ ಸುಸ್ತು’ ಅಂದರೆ ಯಾರೂ ಗಾಬರಿಯಾಗುವುದಿಲ್ಲ. ಜ್ವರ ಎಂದರೆ ಹಣೆ ಮುಟ್ಟಿ ನೋಡುತ್ತೇವೆ, ಹೊಟ್ಟೆನೋವು ಎಂದರೆ ಏನು ತಿಂದೆ ಎಂದು ಕೇಳುತ್ತೇವೆ. ಸುಸ್ತಿಗೆ ಮಾತ್ರ ಪ್ರಶ್ನೆಯೇ ಇಲ್ಲ. ‘ಸ್ವಲ್ಪ ಹೊತ್ತು ಮಲಗು’ ಅನ್ನುತ್ತೇವೆ, ಅವಳು ಮಲಗುವುದಿಲ್ಲ. ರಕ್ತದ ಕಾಯಿಲೆ ಅಂದಕೂಡಲೇ ನಮಗೆ ನೆನಪಾಗುವುದು ರಕ್ತದ ಕ್ಯಾನ್ಸರ್, ಹಿಮೋಫಿಲಿಯಾ, ಥಲಸ್ಸೇಮಿಯಾದಂಥ ಭಯ ಹುಟ್ಟಿಸುವ ಹೆಸರುಗಳು. ಎಲ್ಲಕ್ಕಿಂತ ಹೆಚ್ಚು ಜನರನ್ನು ಹಿಡಿದಿರುವ ರಕ್ತದ ಕಾಯಿಲೆ ಮಾತ್ರ ಯಾರೂ ವಿಚಾರಿಸದ ಆ ಸುಸ್ತಿನೊಳಗೇ ಅಡಗಿದೆ. ಅದು ರಕ್ತಹೀನತೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಅದೇ ವಯಸ್ಸಿನ ಗಂಡಸರಲ್ಲಿ ಶೇ 25. ಕರ್ನಾಟಕದ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಈ ಲೆಕ್ಕದಲ್ಲಿದ್ದಾರೆ. ಅರ್ಧ ಊರಿಗೆ ಜ್ವರ ಬಂದಿದ್ದರೆ ಶಾಲೆ ಮುಚ್ಚುತ್ತಿತ್ತು, ಮಂತ್ರಿಗಳು ಬರುತ್ತಿದ್ದರು. ಈ ಕಾಯಿಲೆ ಅಷ್ಟೂ ಜನರಲ್ಲಿದ್ದು ಯಾರ ಕಣ್ಣಿಗೂ ಬೀಳದೆ ಉಳಿದದ್ದು ಹೇಗೆ?

ಇದನ್ನು ಯೋಚಿಸುವಾಗಲೆಲ್ಲ ನಮ್ಮ ದೊಡ್ಡಮ್ಮ ನೆನಪಾಗುತ್ತಾರೆ. ಮೊರದಲ್ಲಿ ಅಕ್ಕಿ ಆರಿಸುತ್ತಾ ಕೂತರೆ ಒಂದೊಂದು ಚಿಟಿಕೆ ಬಾಯಿಗೆ ಹೋಗುತ್ತಲೇ ಇರುತ್ತಿತ್ತು. ಹುಡುಗಿಯರು ಹಸಿ ಅಕ್ಕಿ ತಿಂದರೆ ಮದುವೆ ದಿನ ಮಳೆ ಬರುತ್ತದೆ ಎಂದು ಹೆದರಿಸುತ್ತಿದ್ದ ಕಾಲ. ಮದುವೆಯಾಗಿ ಮೂರು ಮಕ್ಕಳಾದ ಮೇಲೂ ಅವರಿಗೆ ಆ ಚಪಲ ಹೋಗಿರಲಿಲ್ಲ. ಜಾತ್ರೆ, ಮದುವೆ, ನೆಂಟರ ಮನೆ ಎಂದರೆ ‘ನಾನು ಬರಲ್ಲ, ನೀವು ಹೋಗಿ ಬನ್ನಿ’ ಅನ್ನುತ್ತಿದ್ದರು. ಮಾತು ಕಡಿಮೆ, ಮುಖ ಬಿಳುಚು, ಕೆಲಸ ನಿಧಾನ. ಅವರ ಸ್ವಭಾವವೇ ಹಾಗೆ ಎಂದು ನೆಂಟರಿಷ್ಟರೆಲ್ಲ ಒಪ್ಪಿಕೊಂಡಿದ್ದರು.

ನಲವತ್ತು ದಾಟಿದ ಮೇಲೆ ಒಮ್ಮೆ ಬಾವಿಕಟ್ಟೆಯ ಬಳಿ ತಲೆಸುತ್ತಿ ಬಿದ್ದಾಗ ಆಸ್ಪತ್ರೆಗೆ ಕರೆದೊಯ್ದರು. ಹಿಮೋಗ್ಲೋಬಿನ್ ಆರು ಗ್ರಾಂ ಇತ್ತು, ಇರಬೇಕಾದ್ದರ ಅರ್ಧ. ವೈದ್ಯೆ ಕೇಳಿದ್ದು ಎರಡೇ ಪ್ರಶ್ನೆ. ‘ಅಕ್ಕಿ, ಮಣ್ಣು, ಬಳಪ ಏನಾದ್ರೂ ತಿಂತೀರಾ ಅಮ್ಮಾ?’ ‘ಮುಟ್ಟು ಎಷ್ಟು ದಿನ ಹೋಗುತ್ತೆ?’ ಎರಡಕ್ಕೂ ದೊಡ್ಡಮ್ಮ ತಲೆ ತಗ್ಗಿಸಿದರು. ವರ್ಷಗಳಿಂದ ವಿಪರೀತ ರಕ್ತ ಹೋಗುತ್ತಿತ್ತು, ಯಾರ ಹತ್ತಿರವೂ ಹೇಳಿರಲಿಲ್ಲ. ಹೇಳುವಂಥ ವಿಷಯವೇ ಅಲ್ಲ ಎಂದು ಅವರಿಗೆ ಕಲಿಸಲಾಗಿತ್ತು. ಚಿಕಿತ್ಸೆ ಶುರುವಾದ ಕೆಲವೇ ವಾರಗಳಲ್ಲಿ ಅಕ್ಕಿಯ ಆಸೆ ತಾನಾಗಿ ನಿಂತಿತು. ಕಬ್ಬಿಣದ ಕೊರತೆಯಾದಾಗ ತಿನ್ನಬಾರದ್ದನ್ನು ತಿನ್ನಬೇಕೆನಿಸುವುದುಂಟು, ಕೊರತೆ ನೀಗಿದರೆ ಅದೂ ಹೋಗುತ್ತದೆ. ಆದರೆ ಎಲ್ಲರಿಗೂ ಆಶ್ಚರ್ಯವಾದದ್ದು ಬೇರೆ. ಮುಂದಿನ ವರ್ಷದ ಜಾತ್ರೆಗೆ ಎಲ್ಲರಿಗಿಂತ ಮುಂಚೆ ಸೀರೆಯುಟ್ಟು ನಿಂತವರು ದೊಡ್ಡಮ್ಮ. ಇಪ್ಪತ್ತು ವರ್ಷ ಊರು ಅವರ ಸ್ವಭಾವವೆಂದು ತಿಳಿದಿದ್ದರಲ್ಲಿ ಎಷ್ಟೋ ಪಾಲು ಕಾಯಿಲೆಯದಾಗಿತ್ತು.

ಈ ಕಾಯಿಲೆ ಸ್ವಭಾವದ ವೇಷ ಹಾಕಿಕೊಳ್ಳುವುದು ಏಕೆಂದು ದೇಹವೇ ಹೇಳುತ್ತದೆ. ನಮ್ಮ ಮೂಳೆಯ ಮಜ್ಜೆ ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ಕಣಗಳನ್ನು ಹುಟ್ಟಿಸುತ್ತದೆ. ಒಂದೊಂದರ ಆಯುಸ್ಸು ಸುಮಾರು 120 ದಿನ. ಸತ್ತ ಕಣದ ಕಬ್ಬಿಣವನ್ನು ದೇಹ ಬಿಸಾಡದೆ ಹೊಸ ಕಣಕ್ಕೆ ಬಳಸಿಕೊಳ್ಳುತ್ತದೆ. ಅಷ್ಟು ಜಿಪುಣತನದ ನಡುವೆಯೂ ಹೆಣ್ಣಿನ ದೇಹಕ್ಕೆ ತಿಂಗಳು ತಿಂಗಳು ನಷ್ಟವಿದೆ. ಒಂದು ಬಸಿರಿಗೇ ಸುಮಾರು 1 ಗ್ರಾಂ ಕಬ್ಬಿಣ ಬೇಕು. ಮೊದಲು ಖಾಲಿಯಾಗುವುದು ದಾಸ್ತಾನು. ಕಣಜ ಬರಿದಾದ ಮೇಲೂ ಅಡುಗೆಮನೆಯ ಮಡಕೆಯಲ್ಲಿ ನಾಲ್ಕು ದಿನಕ್ಕೆ ಅಕ್ಕಿ ಉಳಿದಿರುವಂತೆ, ಹಿಮೋಗ್ಲೋಬಿನ್ ಕೆಲಕಾಲ ಸರಿಯಾಗಿಯೇ ಕಾಣುತ್ತದೆ. ಆಮೇಲೆ ಅದೂ ಇಳಿಯತೊಡಗಿದಾಗ ಹೃದಯ ಹೆಚ್ಚು ದುಡಿಯುತ್ತದೆ, ಇದ್ದಷ್ಟು ಕೆಂಪು ಕಣಗಳು ತಮ್ಮ ಆಮ್ಲಜನಕವನ್ನು ಇನ್ನಷ್ಟು ಸಲೀಸಾಗಿ ಬಿಟ್ಟುಕೊಡುತ್ತವೆ. ಇಳಿತ ನಿಧಾನವಾದಷ್ಟೂ ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ. ಆರೇಳು ಗ್ರಾಂ ಹಿಮೋಗ್ಲೋಬಿನ್‌ನಲ್ಲೇ ಹೆಂಗಸರು ಕಳೆ ಕೀಳುತ್ತಾರೆ, ನೀರು ಹೊರುತ್ತಾರೆ, ಮಕ್ಕಳನ್ನು ಹೆರುತ್ತಾರೆ.

ನಾವು ಇದನ್ನು ಸಹನೆ ಎಂದು ಹೊಗಳಿದ್ದೇವೆ. ಆದರೆ ಒಗ್ಗಿಕೊಂಡದ್ದಕ್ಕೆ ಬೆಲೆ ತೆತ್ತಿರುವವಳು ಅವಳೇ. ಹೆರಿಗೆಯಲ್ಲಿ ಆರೋಗ್ಯವಂತೆ ತಾಳಿಕೊಳ್ಳಬಲ್ಲಷ್ಟು ರಕ್ತಸ್ರಾವವೇ ರಕ್ತ ಕಡಿಮೆಯಿರುವವಳ ಜೀವ ತೆಗೆಯಬಹುದು. ದೇಹ ಒಗ್ಗಿಕೊಂಡಿತು ಎಂದರೆ ಕೊರತೆ ನೀಗಿತು ಎಂದಲ್ಲ. ಕೊರತೆ ಕಾಣದಾಯಿತು, ಅಷ್ಟೇ. ಮನೆಯೂ ದೇಹದಂತೆಯೇ ನಡೆದುಕೊಳ್ಳುತ್ತದೆ. ಎಲ್ಲರ ಊಟವಾದ ಮೇಲೆ ಪಾತ್ರೆಯಲ್ಲಿ ಉಳಿದದ್ದನ್ನು ತಿನ್ನುವವಳು ಕಾಲಕ್ರಮೇಣ ತನಗೆ ಹಸಿವೇ ಕಡಿಮೆ ಎಂದು ನಂಬುತ್ತಾಳೆ. ಮನೆಯವರೂ ನಂಬುತ್ತಾರೆ.

ಇಂಥ ನಂಬಿಕೆಗಳನ್ನು ಒಪ್ಪದವರಲ್ಲಿ ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್ ಒಬ್ಬರು. 1928ರಲ್ಲಿ ಬೊಂಬಾಯಿಗೆ ಬಂದ ಅವರು ಬಟ್ಟೆ ಗಿರಣಿಗಳ ಬಡ ಬಸುರಿಯರಲ್ಲಿ ಕಾಣುತ್ತಿದ್ದ, ಜೀವಕ್ಕೇ ಎರವಾಗುತ್ತಿದ್ದ ರಕ್ತಹೀನತೆಯ ಕಾರಣ ಹುಡುಕಿದರು. ಬಡವರ ಮೈಯೇ ಅಷ್ಟು ಎಂದು ಕೈಬಿಡದೆ, ಅವರು ಏನು ತಿನ್ನುತ್ತಾರೆ ಎಂದು ನೋಡಿದರು. ಯೀಸ್ಟ್‌ನ ಸಾರವಾದ ಮಾರ್ಮೈಟ್ ಕೊಟ್ಟಾಗ ಆ ಹೆಂಗಸರು ಚೇತರಿಸಿಕೊಂಡರು. 1931ರಲ್ಲಿ ವಿಲ್ಸ್ ಅವರ ಬರಹ ಪ್ರಕಟವಾಯಿತು. ಆ ಸಾರದಲ್ಲಿದ್ದದ್ದು ಫೋಲಿಕ್ ಆಮ್ಲವೆಂದು ಮುಂದೆ ತಿಳಿಯಿತು. ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ನಮ್ಮ ನೆರೆಯ ತೆಲುಗು ನಾಡಿನ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಅದನ್ನು ಕೃತಕವಾಗಿ ತಯಾರಿಸಿತು. ಇಂದು ಆಶಾ ಕಾರ್ಯಕರ್ತೆ ಬಸುರಿಯ ಕೈಗಿಡುವ ಕೆಂಪು ಮಾತ್ರೆಯಲ್ಲಿ ಕಬ್ಬಿಣದ ಜೊತೆಗಿರುವುದು ಅದೇ.

ಆ ಮಾತ್ರೆಯೂ ಎಷ್ಟೋ ಮನೆಗಳಲ್ಲಿ ಗೂಡಿನಲ್ಲೇ ಉಳಿಯುತ್ತದೆ. ವಾಕರಿಕೆ, ಮಲಬದ್ಧತೆ, ಕಪ್ಪು ಮಲದ ಹೆದರಿಕೆ ಎಲ್ಲವೂ ನಿಜವಾದ ತೊಂದರೆಗಳೇ. ಮೊದಲೇ ತಿಳಿಸಿ ಹೇಳುವವರು ಬೇಕು. ಕಾಫಿ, ಟೀ ಜೊತೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆ, ನಿಂಬೆರಸದ ಜೊತೆ ಹೆಚ್ಚು ಎಂಬುದನ್ನೂ ಹೇಳಬೇಕು. ರಕ್ತ ಏರಿದ ಮೇಲೂ ದಾಸ್ತಾನು ತುಂಬಲು ಇನ್ನೂ ಎರಡು ಮೂರು ತಿಂಗಳು ಬೇಕು. ಎಲ್ಲ ರಕ್ತಹೀನತೆಗೂ ಕಬ್ಬಿಣವೇ ಮದ್ದಲ್ಲ. ಬಿ12 ಕೊರತೆ, ಕೊಕ್ಕೆಹುಳು, ಥಲಸ್ಸೇಮಿಯಾ, ಕುಡಗೋಲು ಕಣದ ಕಾಯಿಲೆ ಒಂದೊಂದಕ್ಕೂ ಬೇರೆ ದಾರಿ. ಆದ್ದರಿಂದಲೇ ‘ರಕ್ತ ಕಮ್ಮಿ ಇದೆ’ ಎಂಬಲ್ಲಿಗೆ ನಿಲ್ಲದೆ ‘ಯಾಕೆ ಕಮ್ಮಿ?’ ಎಂದು ಕೇಳಲೇಬೇಕು.

ಮಾತ್ರೆಯ ಮಾತು ಹೀಗಾದರೆ ಊಟದ್ದು ಇನ್ನೊಂದು. 2017ರಲ್ಲಿ ಕರ್ನಾಟಕ ಮಾತೃಪೂರ್ಣ ಯೋಜನೆ ತಂದಾಗ ಬಸುರಿ ಬಾಣಂತಿಯರು ಅಂಗನವಾಡಿಗೇ ಬಂದು ಬಿಸಿಯೂಟ ಮಾಡಬೇಕೆಂದಿತು. ದೂರದ ಹಾಡಿಗಳಿಂದ, ಕೂಲಿ ಬಿಟ್ಟು ಬರುವುದು ಕಷ್ಟ ಎಂಬ ದೂರು ಬಂತು, ಅದು ನ್ಯಾಯವೇ. ಆದರೂ ಆ ನಿಯಮದ ಹಿಂದೆ ಒಂದು ಕಟುಸತ್ಯವಿದೆ. ಮನೆಗೆ ಕೊಟ್ಟ ಆಹಾರ ಎಲ್ಲರಿಗೂ ಹಂಚಿಹೋಗುತ್ತದೆ, ಹಂಚುವವಳು ಕೊನೆಯಲ್ಲಿರುತ್ತಾಳೆ. ಅವಳ ತಟ್ಟೆ ಅವಳದೇ ಆಗಬೇಕಾದರೆ ಅವಳು ಮನೆಯಿಂದ ಹೊರಗೆ ಕೂರಬೇಕಾಯಿತು.

ಅರ್ಧಕ್ಕರ್ಧ ಜನರಲ್ಲಿ ಇರುವುದೆಲ್ಲ ಸಹಜವೆಂದು ನಾವು ತಿಳಿದಿದ್ದೇವೆ. ರಕ್ತಹೀನತೆ ಕಲಿಸುವುದು ಇದಕ್ಕೆ ವಿರುದ್ಧವಾದ ಪಾಠ. ಸಾಮಾನ್ಯವಾದದ್ದೇ ಹೆಚ್ಚು ಅನುಮಾನಕ್ಕೆ ಅರ್ಹ, ಏಕೆಂದರೆ ಅದನ್ನು ಯಾರೂ ಕಾಯಿಲೆ ಎಂದು ಗುರುತಿಸುವುದಿಲ್ಲ. ನಮ್ಮ ಮನೆಯ ಹೆಣ್ಣುಮಕ್ಕಳ ಮೊಬೈಲ್ ನಂಬರು ನಮಗೆ ಬಾಯಿಪಾಠ ಇದೆ, ಅವರ ಹಿಮೋಗ್ಲೋಬಿನ್ ಎಷ್ಟು ಎಂದು ಗೊತ್ತಿಲ್ಲ. ಬಸುರಿಗೆ 11 ಗ್ರಾಂ, ಉಳಿದ ಹೆಂಗಸರಿಗೆ 12 ಗ್ರಾಂ ಇರಬೇಕು. ಒಂದು ಹನಿ ರಕ್ತದಲ್ಲಿ ಗೊತ್ತಾಗುವ ಸಂಗತಿ ಇದು. ಇವಳು ನಿಧಾನಸ್ಥೆ, ಇವಳು ಮುಂಗೋಪಿ, ಇವಳಿಗೆ ಯಾವುದರಲ್ಲೂ ಉತ್ಸಾಹವಿಲ್ಲ ಎಂದು ತೀರ್ಮಾನಿಸುವ ಮೊದಲು ಆ ಒಂದು ಪರೀಕ್ಷೆ ಅವಳಿಗೆ ಸಲ್ಲಬೇಕು.