ನಿರ್ಣಯಕ್ಕೆ ಮುನ್ನ ದೋಷಪರೀಕ್ಷೆ



ಗೃಹಸ್ಥಾಶ್ರಮವೆಂಬುದು ನಿರ್ಣಯಗಳ ಪರಂಪರೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಪ್ರಾಂತದ ನಮ್ಮ ಮನೆಗಳಲ್ಲಿ ಹೊಲಕ್ಕೆ ಯಾವ ಬೀಜ ಬಿತ್ತಬೇಕು, ಬಂದ ಮಾಲನ್ನು ಇಂದೇ ಮಾರಬೇಕೋ ಇಟ್ಟುಕೊಳ್ಳಬೇಕೋ, ಮಕ್ಕಳನ್ನು ಎಲ್ಲಿ ಓದಿಸಬೇಕು ಎಂಬ ಪ್ರಶ್ನೆಗಳು ವರ್ಷವರ್ಷವೂ ಏಳುತ್ತವೆ. ಆಗ ಮನಸ್ಸು ಹೇಗೆ ನಡೆಯುತ್ತದೆ, ಹೇಗೆ ನಡೆಯತಕ್ಕದ್ದು ಎಂಬುದನ್ನು ನಾವು ಈ ಸಲ ವಿಚಾರಮಾಡೋಣ.

ಶ್ರೀಮದಾಚಾರ್ಯರು ಪ್ರಮಾಣಲಕ್ಷಣದಲ್ಲಿ ಪ್ರತ್ಯಕ್ಷ, ಅನುಮಾನ, ಆಗಮಗಳೆಂಬ ಮೂರು ಸಾಧನಗಳನ್ನು ನಿರೂಪಿಸುವಾಗ ಮೂರಕ್ಕೂ ನಿರ್ದೋಷತ್ವವನ್ನು ಹೇಳಿದ್ದಾರೆ. ಶ್ರೀ ಜಯತೀರ್ಥರು ಪ್ರಮಾಣಪದ್ಧತಿಯಲ್ಲಿ ಈ ವಿಷಯವನ್ನು ವಿಶದಪಡಿಸಿದ್ದಾರೆ. ಕಾಮಾಲೆ ಹಿಡಿದ ಕಣ್ಣಿಗೆ ಬಿಳಿಯ ಶಂಖವು ಹಳದಿಯಾಗಿ ಕಾಣುವುದುಂಟು. ಶಂಖದಲ್ಲಿ ದೋಷವಿಲ್ಲ, ಕಣ್ಣಿನಲ್ಲಿದೆ. ಅದರಂತೆ ಆಸೆ, ಭಯ, ಅಭಿಮಾನಗಳು ಮನಸ್ಸಿಗೆ ಹಿಡಿದ ಕಾಮಾಲೆ. ಆದುದರಿಂದ ‘ನಾನು ಏನು ಮಾಡಲಿ?’ ಎಂದು ಕೇಳುವುದಕ್ಕೆ ಮುನ್ನ ‘ನಾನು ಯಾವುದರಿಂದ ನೋಡುತ್ತಿದ್ದೇನೆ?’ ಎಂದು ಕೇಳಿಕೊಳ್ಳಬೇಕು.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯನ್ನೇ ನೋಡೋಣ. ಡಬ್ಬಿ, ಕಡ್ಡಿ ತಳಿಗಳ ಚೀಲಗಳು ಅಡತಿ ಅಂಗಡಿಗಳ ಮುಂದೆ ಸಾಲುಗಟ್ಟಿವೆ. ಹೋದ ವರ್ಷ ಕ್ವಿಂಟಲಿಗೆ 40,000 ರೂಪಾಯಿ ಕಂಡ ಗೃಹಸ್ಥನಿಗೆ ಈ ವರ್ಷ 25,000 ರೂಪಾಯಿಯ ಟೆಂಡರ್ ಬಂದಿತೆಂದು ಇಟ್ಟುಕೊಳ್ಳೋಣ. ‘ಹದಿನೈದು ಸಾವಿರ ಕಳೆದುಕೊಂಡೆ’ ಎಂದು ಅವನ ಮನಸ್ಸು ಕೂಗುತ್ತದೆ. ಆದರೆ ಆ ಹಣವು ಈ ವರ್ಷದ ಮಾಲಿಗೆ ಎಂದೂ ಅವನ ಕೈಗೆ ಬಂದಿರಲೇ ಇಲ್ಲ!

ಈ ಮನೋಧರ್ಮವನ್ನು ಆಧುನಿಕರೂ ಪರೀಕ್ಷಿಸಿದ್ದಾರೆ. ಅಮೋಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾಹ್ನೆಮನ್ ಎಂಬ ಮನಶ್ಶಾಸ್ತ್ರಜ್ಞರು 1974ರ ಲೇಖನದಲ್ಲಿ, ಮೊದಲು ಕಿವಿಗೆ ಬಿದ್ದ ಅಂಕಿಯು ಗೂಟದಂತೆ ನಿಂತು ಅನಂತರದ ಎಣಿಕೆಯನ್ನೆಲ್ಲ ತನ್ನ ಸುತ್ತಲೇ ತಿರುಗಿಸುತ್ತದೆಂದು ತೋರಿಸಿದರು. ಲಾಭದ ಸುಖಕ್ಕಿಂತ ಅಷ್ಟೇ ನಷ್ಟದ ದುಃಖವು ಹೆಚ್ಚೆಂದೂ, ನಷ್ಟವನ್ನು ತಪ್ಪಿಸಿಕೊಳ್ಳಲು ಮನುಷ್ಯನು ಇನ್ನೂ ದೊಡ್ಡ ಅಪಾಯಕ್ಕೆ ಕೈಯೊಡ್ಡುತ್ತಾನೆಂದೂ 1979ರಲ್ಲಿ ಪ್ರತಿಪಾದಿಸಿದರು. ಕಾಹ್ನೆಮನ್ ಅವರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ದೊರೆಯಿತು.

2024ರ ಮಾರ್ಚ್ 11ರ ಸೋಮವಾರ ಇದೇ ಪೇಟೆಯಲ್ಲಿ ದರ ಕುಸಿದಾಗ ರೈತರ ಸಿಟ್ಟು ಭುಗಿಲೆದ್ದು ವಾಹನಗಳು ಬೆಂಕಿಗೆ ಆಹುತಿಯಾದುದನ್ನು ನಮ್ಮ ಪ್ರಾಂತದವರು ಮರೆತಿಲ್ಲ. ಸಾಲ ತಂದು ಬೆಳೆದವರ ಸಂಕಟ ಸುಳ್ಳಲ್ಲ. ಆದರೆ ಕ್ರೋಧದಿಂದ ಮೋಹ, ಮೋಹದಿಂದ ಸ್ಮೃತಿಭ್ರಂಶ, ಅದರಿಂದ ಬುದ್ಧಿನಾಶ ಎಂಬ ಗೀತೆಯ ಎರಡನೆಯ ಅಧ್ಯಾಯದ ಕ್ರಮವು ಅಂದು ಕಣ್ಣಮುಂದೆಯೇ ನಡೆದುಹೋಯಿತು. ಉರಿದ ಬೆಂಕಿಯಿಂದ ದರವು ಒಂದು ರೂಪಾಯಿಯೂ ಏರಲಾರದು.

ಹಾಗಾದರೆ ಮಾರುವುದೋ, ಕೋಲ್ಡ್ ಸ್ಟೋರೇಜಿನಲ್ಲಿ ಇಡುವುದೋ? ಗೃಹಸ್ಥನು ತನ್ನನ್ನು ಹೀಗೆ ಪ್ರಶ್ನಿಸಿಕೊಳ್ಳಲಿ: ‘ಈ ಮಾಲು ನನ್ನದಲ್ಲ, ಇದರ ಬೆಲೆಯಷ್ಟು ಹಣ ನನ್ನ ಕೈಯಲ್ಲಿದೆ. ಇಂದಿನ ದರಕ್ಕೆ ಮೆಣಸಿನಕಾಯಿ ಕೊಂಡು, ಬಾಡಿಗೆ ತೆತ್ತು, ಸಾಲದ ಬಡ್ಡಿಯನ್ನೂ ಹೊತ್ತು, ಆರು ತಿಂಗಳು ಕಾಯುವೆನೆ?’ ‘ಇಲ್ಲ’ ಎಂದು ಉತ್ತರ ಬಂದರೆ, ಇಟ್ಟುಕೊಳ್ಳಲು ಪ್ರೇರಿಸುವುದು ಹೋದ ವರ್ಷದ ದರದ ಮೋಹವೇ ಹೊರತು ವಿಚಾರವಲ್ಲ. ‘ಹೌದು’ ಎಂದು ಬಂದರೆ ಧೈರ್ಯವಾಗಿ ಇಡಬಹುದು.

ಅನುಮಾನದ ದೋಷವೂ ಇಂತಹುದೇ. ‘ಹೋದ ವರ್ಷ ಯುಗಾದಿಯ ನಂತರ ದರ ಏರಿತು, ಈ ವರ್ಷವೂ ಏರುತ್ತದೆ’ ಎನ್ನುವಲ್ಲಿ ವ್ಯಾಪ್ತಿಯೆಲ್ಲಿದೆ? ಏರದೆ ಉಳಿದ ಒಂದು ವರ್ಷವನ್ನು ತೋರಿಸಿದರೆ ಆ ಹೇತುವು ವ್ಯಭಿಚರಿಸುತ್ತದೆ. ರಾಣೆಬೆನ್ನೂರಿನಲ್ಲಿ ಗೋವಿನಜೋಳದ ಬೀಜ ಕೊಳ್ಳುವಾಗ, ನೆರೆಯವನಿಗೆ ಚೆನ್ನಾಗಿ ಬಂದಿತೆಂಬ ಮಾತೊಂದನ್ನೇ ನಂಬುವುದೂ ಹಾಗೆಯೇ. ಅವನ ನೆಲ, ನೀರು, ಮಳೆ ನಮ್ಮದೂ ಆಗಿರಬೇಕಲ್ಲವೆ? ಇನ್ನು ಹೇಳುವವನು ಆಪ್ತನೆಂದರೆ ವಿಷಯವನ್ನು ಬಲ್ಲವನೂ, ವಂಚಿಸುವ ಇಚ್ಛೆ ಇಲ್ಲದವನೂ ಆಗಿರಬೇಕು. ಪ್ರೀತಿಯ ನೆಂಟನಿಗೆ ಎರಡನೆಯದು ಇದ್ದು ಮೊದಲನೆಯದು ಇಲ್ಲದಿರಬಹುದು. ಮಾರುವವನಿಗೆ ಮೊದಲನೆಯದು ಇದ್ದು ಎರಡನೆಯದು ಇಲ್ಲದಿರಬಹುದು.

ಕೆಲವೊಮ್ಮೆ ದೋಷವು ಪ್ರಶ್ನೆಯನ್ನು ಗ್ರಹಿಸುವ ರೀತಿಯಲ್ಲಿಯೇ ಇರುತ್ತದೆ. ಬ್ಯಾಡಗಿ ತಾಲೂಕಿನ ಕಾಗಿನೆಲೆಯ ಆದಿಕೇಶವನ ಭಕ್ತರಾದ ಶ್ರೀ ಕನಕದಾಸರ ಕಥೆಯನ್ನು ಬಲ್ಲದವರಿಲ್ಲ. ಯಾರೂ ಕಾಣದಲ್ಲಿ ಬಾಳೆಹಣ್ಣು ತಿಂದು ಬರಬೇಕೆಂದು ಶ್ರೀ ವ್ಯಾಸರಾಯರು ಆಜ್ಞಾಪಿಸಿದಾಗ ಉಳಿದವರೆಲ್ಲ ಸ್ಥಳವನ್ನು ಹುಡುಕಿದರು. ಕನಕದಾಸರಾದರೋ ‘ಯಾರೂ’ ಎಂಬ ಮಾತನ್ನು ವಿಚಾರಿಸಿ, ಸರ್ವಸಾಕ್ಷಿಯಾದ ಶ್ರೀಹರಿ ಕಾಣದ ಸ್ಥಳವಿಲ್ಲವೆಂದು ಹಣ್ಣನ್ನು ಹಿಂದಕ್ಕೆ ತಂದರು. ಅವರವರು ಮೂಲೆಗಳಲ್ಲಿ ಶ್ರಮಿಸಿದರು, ದಾಸರು ಅರ್ಥದಲ್ಲಿ ಶ್ರಮಿಸಿದರು.

ನಮ್ಮಲ್ಲಿ ಕಷ್ಟದ ನಿರ್ಣಯಕ್ಕೆ ಮುಂಚೆ ಹೊಸರಿತ್ತಿಗೆ ಹೋಗಿ ಶ್ರೀ ಧೀರೇಂದ್ರತೀರ್ಥರ ವೃಂದಾವನದ ದರ್ಶನ ಮಾಡುವವರಿದ್ದಾರೆ, ದೇವರ ಮುಂದೆ ಚೀಟಿ ಹಾಕುವವರೂ ಇದ್ದಾರೆ. ದರ್ಶನದಿಂದ ಚಿತ್ತವು ಶಾಂತವಾಗಿ ದೋಷಗಳು ತೋರುವುದು ಮಹಾಲಾಭವೇ ಸರಿ. ಆದರೆ ವಿಚಾರಕ್ಕೆ ನಿಲುಕುವ ವಿಷಯವನ್ನು ಚೀಟಿಗೆ ಒಪ್ಪಿಸುವುದು, ಭಗವಂತನೇ ಕೊಟ್ಟ ಬುದ್ಧಿಯನ್ನು ಬಳಸದೆ ಅವನಿಗೆ ಹಿಂತಿರುಗಿಸಿದಂತೆ. ಗೀತಾಚಾರ್ಯನಾದ ಶ್ರೀಕೃಷ್ಣನೂ ಎಲ್ಲವನ್ನೂ ಉಪದೇಶಿಸಿದ ಮೇಲೆ, ಸಂಪೂರ್ಣವಾಗಿ ವಿಮರ್ಶಿಸಿ ಇಷ್ಟಬಂದಂತೆ ಮಾಡೆಂದು ಅರ್ಜುನನಿಗೆ ಹೇಳಿದನಷ್ಟೆ.

ಇಷ್ಟಾದರೂ ದರ ಬೀಳಬಹುದು, ಮಳೆ ಕೈಕೊಡಬಹುದು. ಹಾಗೆಂದು ನಿರ್ಣಯವು ತಪ್ಪಾಗಿತ್ತೆಂದು ಮನೆಯವರು ಒಬ್ಬರನ್ನೊಬ್ಬರು ಹಳಿಯತಕ್ಕದ್ದಲ್ಲ. ಫಲವು ನಮ್ಮ ಅಧೀನವಲ್ಲ. ಆದುದರಿಂದ ನಿರ್ಣಯದ ದಿನವೇ ಅದರ ಕಾರಣಗಳನ್ನು ಒಂದು ಕಾಗದದಲ್ಲಿ ಬರೆದಿಡುವುದು ಉತ್ತಮ. ಮುಂದೆ ಫಲ ಹೇಗೇ ಬರಲಿ, ಆ ಕಾಗದವು ಯಜಮಾನನನ್ನು ವೃಥಾ ನಿಂದೆಯಿಂದಲೂ ವೃಥಾ ಗರ್ವದಿಂದಲೂ ಕಾಪಾಡುತ್ತದೆ. ದೋಷವನ್ನು ಶೋಧಿಸುವುದು ನಮ್ಮ ಕರ್ತವ್ಯ, ಫಲವನ್ನು ಕೊಡುವವನು ಶ್ರೀಹರಿ.

ಶ್ರೀಕೃಷ್ಣಾರ್ಪಣಮಸ್ತು.