ಬೆಳಕಿನ ದೂರ, ಬೆಳಕಿನ ಹರವು: ಟಾರ್ಚ್ ಆಯ್ಕೆಯ ಮೀಮಾಂಸೆ

ಮಲೆನಾಡಿನ ನಮ್ಮ ಕಡೆ ಟಾರ್ಚಿಗೆ ಈಗಲೂ ಬ್ಯಾಟರಿ ಎಂದೇ ಹೆಸರು. ತೋಟದ ಪಂಪಿಗೆ ತ್ರೀ ಫೇಸ್ ಕರೆಂಟು ಎಷ್ಟೋ ಸಲ ನಡುರಾತ್ರಿ ಬರುತ್ತದೆ. ಆಗ ಎದ್ದು, ಮೊಳೆಗೆ ನೇತುಹಾಕಿದ ಬ್ಯಾಟರಿ ಹಿಡಿದು, ಅಂಗಳ ದಾಟಿ, ದರೆಯ ಪಕ್ಕದ ಕಾಲುದಾರಿಯಲ್ಲಿ ಇಳಿದು, ಸಂಕ ದಾಟಿ, ಪಂಪ್‌ಮನೆಗೆ ಹೋಗಿ ಸ್ಟಾರ್ಟರ್ ಒತ್ತಬೇಕು. ಇನ್ನೂರು ಮುನ್ನೂರು ಹೆಜ್ಜೆಯ ದಾರಿ, ಅಷ್ಟೆ. ಆದರೆ ಅಷ್ಟರಲ್ಲಿ ಕಣ್ಣು ಮೂರು ಬಗೆಯ ಬೆಳಕು ಕೇಳುತ್ತದೆ. ಕಾಲಬುಡದಲ್ಲಿ ಒಣಗಿದ ಸೋಗೆಯ ನಡುವೆ ಹಾವಿದೆಯೇ ಎಂದು ನೋಡಲು ಒಂದು. ತೋಟದಾಚೆಯ ಗದ್ದೆಯಲ್ಲಿ ಸದ್ದು ಮಾಡುತ್ತಿರುವುದು ಹಂದಿಯೋ ದನವೋ ಎಂದು ತಿಳಿಯಲು ಇನ್ನೊಂದು. ಸ್ಟಾರ್ಟರ್ ಡಬ್ಬಿಯೊಳಗಿನ ಫ್ಯೂಸ್ ನೋಡಲು ಮತ್ತೊಂದು.

ಮೀಮಾಂಸಕರು ಯಾವುದೇ ವಿಚಾರವನ್ನು ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ ಎಂಬ ಕ್ರಮದಲ್ಲಿ ಬಿಡಿಸುತ್ತಾರೆ. ಇಲ್ಲಿ ವಿಷಯ ಟಾರ್ಚು. ಯಾವ ಅಳತೆ ಹಿಡಿದು ಅದನ್ನು ಆರಿಸಬೇಕು ಎಂಬುದು ಸಂಶಯ. ಅಂಗಡಿಯಲ್ಲಿ ನಡೆಯುವುದೆಲ್ಲ ಪೂರ್ವಪಕ್ಷ: ಹೆಚ್ಚು ಬೆಳಕು, ಹೆಚ್ಚು ದೂರ, ಹೆಚ್ಚು ಬೆಲೆ, ಆದ್ದರಿಂದ ಹೆಚ್ಚು ಒಳ್ಳೆಯದು. ನಾನು ಹಿಡಿಯುವ ಸಿದ್ಧಾಂತ ಬೇರೆ. ನೋಡಬೇಕಾದ ವಸ್ತು ಎಷ್ಟು ದೂರದಲ್ಲಿದೆ, ಎಷ್ಟು ಅಗಲಕ್ಕಿದೆ ಎಂಬುದು ಮೊದಲು ಗೊತ್ತಾಗಬೇಕು. ಅದು ಬೆಳಕಿನ ಕೋನವನ್ನು ಹೇಳುತ್ತದೆ. ಕೋನ ಗೊತ್ತಾದ ಮೇಲೆ ಬೆಳಕಿನ ಮೊತ್ತವನ್ನು ನೋಡಬೇಕು. ಈ ಕ್ರಮ ತಿರುವುಮುರುವಾದರೆ ಹಣ ಕೊಟ್ಟು ಕತ್ತಲು ತಂದಂತೆ.

ಮೊದಲು ಲಕ್ಷಣ. ಟಾರ್ಚಿನಿಂದ ಹೊರಬೀಳುವ ಒಟ್ಟು ಬೆಳಕು ಲುಮೆನ್. ಒಂದು ದಿಕ್ಕಿಗೆ ಅದು ಎಷ್ಟು ಒತ್ತಾಗಿ ಹೋಗುತ್ತದೆ ಎಂಬುದು ಕ್ಯಾಂಡೆಲಾ. ವಸ್ತುವಿನ ಮೈಮೇಲೆ ಎಷ್ಟು ಬೀಳುತ್ತದೆ ಎಂಬುದು ಲಕ್ಸ್. ಒಂದು ಚದರ ಮೀಟರಿಗೆ ಒಂದು ಲುಮೆನ್ ಬಿದ್ದರೆ ಒಂದು ಲಕ್ಸ್. ಚೊಂಬಿನ ನೀರು ಎಷ್ಟಿದೆ ಎಂಬುದು ಲುಮೆನ್, ಅದನ್ನು ಸಣ್ಣ ಧಾರೆಯಾಗಿ ಬಿಟ್ಟಿರೋ ಅಂಗಳಕ್ಕೆಲ್ಲ ಚಿಮುಕಿಸಿದಿರೋ ಎಂಬುದು ಕ್ಯಾಂಡೆಲಾ. ದೂರ ಇಮ್ಮಡಿಯಾದರೆ ವಸ್ತುವಿನ ಮೇಲೆ ಬೀಳುವ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ, ಮೂರು ಪಟ್ಟಾದರೆ ಒಂಬತ್ತನೇ ಒಂದಕ್ಕೆ.

ಡಬ್ಬಿಯ ಮೇಲೆ ಅಚ್ಚಾಗುವ ‘ಇಷ್ಟು ಮೀಟರ್’ ಎಂಬುದಕ್ಕೂ ಒಂದು ಲೆಕ್ಕವಿದೆ. ಅಮೆರಿಕದಲ್ಲಿ 2009ರಲ್ಲಿ ಬಂದ ಎಫ್‌ಎಲ್-1 ಎಂಬ ಮಾನಕದ ಪ್ರಕಾರ, ಬೆಳಕು 0.25 ಲಕ್ಸ್‌ಗೆ ಇಳಿಯುವ ಜಾಗವೇ ಟಾರ್ಚಿನ ದೂರ. ಅಂದರೆ ಮೋಡವಿಲ್ಲದ ಹುಣ್ಣಿಮೆಯ ಬೆಳದಿಂಗಳಷ್ಟು. ಕ್ಯಾಂಡೆಲಾದ ವರ್ಗಮೂಲ ತೆಗೆದು ಎರಡರಿಂದ ಗುಣಿಸಿದರೆ ಈ ದೂರ ಮೀಟರಿನಲ್ಲಿ ಸಿಗುತ್ತದೆ. 10,000 ಕ್ಯಾಂಡೆಲಾ ಇದ್ದರೆ ವರ್ಗಮೂಲ 100, ದೂರ 200 ಮೀಟರ್.

ಇನ್ನು ಆಕ್ಷೇಪಗಳು.

‘ಲುಮೆನ್ ಹೆಚ್ಚಿದ್ದರೆ ದೂರವೂ ಹೆಚ್ಚು, ಹರವೂ ಹೆಚ್ಚು. ಕೋನದ ತಕರಾರು ಯಾಕೆ?’ ಇದು ಎಲ್ಲಕ್ಕಿಂತ ಬಲವಾದ ಪೂರ್ವಪಕ್ಷ, ಆದ್ದರಿಂದ ಲೆಕ್ಕ ಹಾಕಿಯೇ ನೋಡೋಣ. 1,000 ಲುಮೆನ್ ಬೆಳಕನ್ನು 60 ಡಿಗ್ರಿ ಅಗಲಕ್ಕೆ ಸಮನಾಗಿ ಹರಡಿದರೆ ಸುಮಾರು 1,190 ಕ್ಯಾಂಡೆಲಾ ಆಗುತ್ತದೆ. ದೂರ 69 ಮೀಟರ್. ಅದೇ 1,000 ಲುಮೆನ್ನನ್ನು 10 ಡಿಗ್ರಿಗೆ ಒತ್ತಿ ಹಿಡಿದರೆ ಸುಮಾರು 41,800 ಕ್ಯಾಂಡೆಲಾ. ದೂರ 400 ಮೀಟರ್ ದಾಟುತ್ತದೆ. ಇನ್ನೂ ಮುಂದೆ ಹೋಗಿ: ಬರೀ 100 ಲುಮೆನ್ನನ್ನು 10 ಡಿಗ್ರಿಯಲ್ಲಿ ಬಿಟ್ಟರೂ 129 ಮೀಟರ್ ಹೋಗುತ್ತದೆ. ಹತ್ತು ಪಟ್ಟು ಬೆಳಕಿರುವ ಅಗಲದ ಟಾರ್ಚಿಗಿಂತ ಇದು ದೂರದಲ್ಲಿ ಗೆಲ್ಲುತ್ತದೆ. ಈಗ ಹತ್ತಿರಕ್ಕೆ ಬನ್ನಿ. 10 ಡಿಗ್ರಿಯ ಬೆಳಕು ಮೂರು ಮೀಟರ್ ಮುಂದೆ ಬೀಳುವಾಗ ಅದರ ಅಗಲ ಸುಮಾರು 52 ಸೆಂಟಿಮೀಟರ್, ಒಂದು ಮೊಳಕ್ಕಿಂತ ಸ್ವಲ್ಪ ಹೆಚ್ಚು. ಆ ಮೊಳದ ಬೊಟ್ಟಿನ ಆಚೆ ಎರಡು ಗೇಣು ದೂರದಲ್ಲಿ ಹಾವು ಸುತ್ತಿಕೊಂಡಿದ್ದರೆ ಸರಿಯಾಗಿ ಕಾಣುವುದಿಲ್ಲ. ಸೋರಿದ ಮಂದ ಬೆಳಕು ಸುತ್ತ ಇದ್ದರೂ, ನಡುವಿನ ಬೊಟ್ಟು ಕಣ್ಣು ಕೋರೈಸುವಷ್ಟು ಬೆಳ್ಳಗಿರುವಾಗ ಕಣ್ಣು ಅದಕ್ಕೇ ಹೊಂದಿಕೊಂಡು ಪಕ್ಕದ ಮಂದ ಜಾಗವನ್ನು ಕತ್ತಲೆಂದೇ ಎಣಿಸುತ್ತದೆ. ಬೆಳಕು ಇದ್ದೂ ಹಾವು ತುಳಿಯುವುದು ಹೀಗೆ.

‘ಡಬ್ಬಿಯಲ್ಲಿ 400 ಮೀಟರ್ ಎಂದು ಬರೆದಿದ್ದಾರಲ್ಲ, ಅಷ್ಟು ಸಾಕಲ್ಲ?’ ಬೆಳದಿಂಗಳಲ್ಲಿ ಕಾಣುವಷ್ಟು ಸಾಕಾದರೆ ಸಾಕು. ಹುಣ್ಣಿಮೆಯಲ್ಲಿ ಗದ್ದೆಯ ಆಚೆ ಏನೋ ಕಪ್ಪಗೆ ಅಲುಗುವುದು ತಿಳಿಯುತ್ತದೆ. ಅದು ಏನು ಎಂದು ತಿಳಿಯುವುದಿಲ್ಲ. ಗುರುತು ಹಿಡಿಯಬೇಕಾದರೆ ಬರೆದ ದೂರವನ್ನು ಅರ್ಧಕ್ಕೆ ಇಳಿಸಿ. ಅಲ್ಲಿ ಬೆಳಕು ನಾಲ್ಕು ಪಟ್ಟು, ಅಂದರೆ ಒಂದು ಲಕ್ಸ್. ಚಿಕ್ಕ ವಸ್ತುವಾದರೆ ಮೂರನೇ ಒಂದಕ್ಕೆ ಇಳಿಸಿ. ಇನ್ನೊಂದು ಮಾತು: ಆ ಸಂಖ್ಯೆ ಹೊಸ ಬ್ಯಾಟರಿ ಹಾಕಿದ ಮೊದಲ ಕೆಲವು ನಿಮಿಷಗಳದ್ದು. ಜೋರು ಬೆಳಕಿನ ಎಲ್‌ಇಡಿ ಬಿಸಿಯೇರುತ್ತದೆ, ಬಿಸಿಯೇರಿದಾಗ ಒಳಗಿನ ಸರ್ಕ್ಯೂಟು ಬೆಳಕನ್ನು ತಾನಾಗಿ ತಗ್ಗಿಸುತ್ತದೆ. ‘ಇಷ್ಟು ಗಂಟೆ ಉರಿಯುತ್ತದೆ’ ಎಂಬ ಸಂಖ್ಯೆಯೂ ಅದೇ ಮಾನಕದಲ್ಲಿ ಬೆಳಕು ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗಿನ ಲೆಕ್ಕ.

ಮಾನಕವನ್ನೇ ಪಾಲಿಸದ ಡಬ್ಬಿಗಳ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ. ಪೇಟೆಯ ಒಂದು ಅಂಗಡಿಯಲ್ಲಿ ಲಕ್ಷ ಲುಮೆನ್ ಎಂದು ಅಚ್ಚಾದ ಟಾರ್ಚ್ ತಂದಿದ್ದೆ. ಅದರೊಳಗಿನ ಸೆಲ್ಲಿನ ಮೇಲೆ 9,900 ಎಂಎಎಚ್ ಎಂದಿತ್ತು. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಆ 18650 ಸೆಲ್ಲಿನಲ್ಲಿ 3,500ರ ಆಸುಪಾಸಿಗಿಂತ ಹೆಚ್ಚು ಹಿಡಿಯುವುದಿಲ್ಲ. ಮಳೆಗಾಲದ ಒಂದು ರಾತ್ರಿ ಪಂಪ್‌ಮನೆಯಿಂದ ತಿರುಗಿ ಬರುವಾಗ ಅದು ಸಂಕದ ಮೇಲೆ ಕೈಕೊಟ್ಟಿತು. ಅಡಿಕೆ ಮರದ ಎರಡು ದಬ್ಬೆಯ ಸಂಕ, ಕೆಳಗೆ ತುಂಬಿದ ಹಳ್ಳ. ಕೂತುಕೊಂಡೇ ತೆವಳಿ ದಾಟಿದೆ. ಸುಳ್ಳು ಸಂಖ್ಯೆ ಅಚ್ಚು ಹಾಕುವವರು ಇಂಥ ಸಂಕಗಳನ್ನು ನೆನೆಯಬೇಕು.

‘ಹಾಗಾದರೆ ಝೂಮ್ ಟಾರ್ಚ್ ಕೊಂಡರಾಯಿತು. ಮುಂದೆ ಎಳೆದರೆ ದೂರ, ಹಿಂದೆ ತಳ್ಳಿದರೆ ಅಗಲ. ಎರಡೂ ಒಂದರಲ್ಲೇ.’ ಕೇಳಲು ಇದು ಸಮನ್ವಯದಂತೆ ಇದೆ, ನಿಜದಲ್ಲಿ ಒಂದನ್ನು ಪಡೆದಾಗ ಇನ್ನೊಂದನ್ನು ಬಿಡಿಸುತ್ತದೆ. ಮಸೂರವನ್ನು ಮುಂದೆ ಎಳೆದಾಗ ದೂರದ ಗೋಡೆಯ ಮೇಲೆ ಚೌಕಾಕಾರದ ಬೊಟ್ಟು ಬೀಳುತ್ತದೆ. ಅದು ಎಲ್‌ಇಡಿ ಚಿಪ್ಪಿನದೇ ಚಿತ್ರ. ಆ ಸ್ಥಿತಿಯಲ್ಲಿ ಪಕ್ಕಕ್ಕೆ ಹೊರಟ ಬೆಳಕೆಲ್ಲ ಕೊಳವೆಯ ಒಳಗೋಡೆಗೆ ಬಡಿದು ಹಾಳು. ಸುತ್ತುಬೆಳಕು ಇಲ್ಲವೇ ಇಲ್ಲ. ಚೌಕದ ಆಚೆ ಗವ್ವೆನ್ನುವ ಕತ್ತಲು. ಹಿಂದೆ ತಳ್ಳಿದರೆ ಸಮನಾದ ದೊಡ್ಡ ತಟ್ಟೆ, ಆದರೆ ನಡುವೆ ಬಲವಿಲ್ಲ. ಕುಳಿಗನ್ನಡಿಯ ಟಾರ್ಚಿನಲ್ಲಿ ನಡುಬೊಟ್ಟು ಮತ್ತು ಸುತ್ತುಬೆಳಕು ಒಟ್ಟಿಗೇ ಇರುತ್ತವೆ, ದಾರಿ ನಡೆಯುವವನಿಗೆ ಬೇಕಾದದ್ದು ಆ ಜೋಡಿ. ಮೇಲಾಗಿ ಜಾರುವ ತಲೆಗೆ ನೀರು ನುಗ್ಗದಂತೆ ಬಿಗಿ ಮಾಡುವುದು ಕಷ್ಟ. ನಮ್ಮ ಮಳೆಗೆ ಅದು ಬಾಳುವುದಿಲ್ಲ. ಕೂತು ರಿಪೇರಿ ಮಾಡುವವರಿಗೆ ಝೂಮ್ ಒಳ್ಳೆಯದೇ, ಅಗಲದ ಸ್ಥಿತಿಯಲ್ಲಿ ಅದು ಮಚ್ಚೆಯಿಲ್ಲದ ಬೆಳಕು ಕೊಡುತ್ತದೆ.

‘ಅಜ್ಜನ ಐದು ಸೆಲ್ಲಿನ ಬ್ಯಾಟರಿ ಗುಡ್ಡದ ಆಚೆ ಮುಟ್ಟುತ್ತಿತ್ತು. ಅದರಲ್ಲಿ ಯಾವ ಲುಮೆನ್ ಇತ್ತು?’ ಈ ಆಕ್ಷೇಪ ನನ್ನ ಸಿದ್ಧಾಂತಕ್ಕೇ ಸಾಕ್ಷಿ. ಅದರ ಬಲ್ಬಿನ ತಂತಿ ಬಹಳ ಸಣ್ಣದು, ಸುತ್ತಲಿನ ಕುಳಿಗನ್ನಡಿ ದೊಡ್ಡದು. ಬೆಳಕಿನ ಮೂಲ ಚಿಕ್ಕದಾಗಿ ಕನ್ನಡಿ ದೊಡ್ಡದಾದಷ್ಟೂ ಕೋನ ಕಿರಿದಾಗುತ್ತದೆ. ಒಟ್ಟು ಬೆಳಕು ಈಗಿನ ಲೆಕ್ಕದಲ್ಲಿ ತೀರ ಕಡಿಮೆ, ಆದರೆ ಇದ್ದಷ್ಟೂ ಒಂದೇ ಕಡೆ ಹೋಗುತ್ತಿತ್ತು. ಇದರಿಂದ ಕೊಳ್ಳುವವರಿಗೆ ಒಂದು ಗುರುತು ಸಿಗುತ್ತದೆ: ಟಾರ್ಚಿನ ಮುಖ ನೋಡಿ. ನುಣುಪಾದ, ಆಳವಾದ, ಅಗಲ ಬಾಯಿಯ ಕುಳಿಯಲ್ಲಿ ಒಂದೇ ಚಿಕ್ಕ ಎಲ್‌ಇಡಿ ಇದ್ದರೆ ಅದು ದೂರದ್ದು. ಕಿತ್ತಳೆ ಸಿಪ್ಪೆಯಂತೆ ತರಿತರಿಯಾದ ಕುಳಿ, ಜೇನುಹುಟ್ಟಿನಂಥ ಮಸೂರ, ಅಥವಾ ಒತ್ತೊತ್ತಾಗಿ ಕೂತ ನಾಲ್ಕಾರು ಎಲ್‌ಇಡಿ ಇದ್ದರೆ ಅದು ಹತ್ತಿರದ, ಅಗಲದ ಬೆಳಕು.

‘ದೂರ ಹೋಗುವ ಬೆಳಕನ್ನೇ ಹತ್ತಿರಕ್ಕೂ ಬಳಸಿದರೆ ನಷ್ಟವೇನು?’ ಮೂರು ನಷ್ಟ. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಪಂಪ್‌ಮನೆಯ ಬಿಳಿ ಗೋಡೆಗೆ ಒಮ್ಮೆ ಜೋರು ಬೆಳಕು ಬಿಟ್ಟರೆ ಆ ಹೊಂದಾಣಿಕೆ ಕ್ಷಣದಲ್ಲಿ ಹೋಗುತ್ತದೆ. ಎರಡನೆಯದು ನಮ್ಮ ತೋಟದ್ದೇ ತೊಂದರೆ. ಅಡಿಕೆ ಮರಗಳು ಸಾಮಾನ್ಯವಾಗಿ ಒಂಬತ್ತು ಅಡಿಗೊಂದು ಇರುತ್ತವೆ. ಎದುರಿನ ಬಿಳಿಚಿದ ಕಾಂಡಕ್ಕೆ ಬೊಟ್ಟು ಬಿದ್ದು ಕಣ್ಣಿಗೆ ರಾಚುತ್ತದೆ, ಅದರ ಹಿಂದಿನದೆಲ್ಲ ಮುಚ್ಚಿಹೋಗುತ್ತದೆ. ನಾನೂರು ಮೀಟರಿನ ಬೆಳಕು ತೋಟದೊಳಗೆ ನಾಲ್ಕು ಸಾಲು ದಾಟುವುದಿಲ್ಲ. ಮೂರನೆಯದು ಮಂಜು ಮತ್ತು ಜಡಿಮಳೆ. ಪ್ರತಿ ಹನಿಯೂ ಬೆಳಕನ್ನು ಹಿಂದಕ್ಕೆ ಕಣ್ಣಿಗೇ ಎಸೆಯುತ್ತದೆ. ಬೆಳಕು ಹೆಚ್ಚಿಸಿದಷ್ಟೂ ಎದುರಿಗೆ ಬಿಳಿ ಪರದೆ. ಆಗ ಬೆಳಕು ತಗ್ಗಿಸಿ, ಟಾರ್ಚನ್ನು ಸೊಂಟದ ಕೆಳಗೆ ಹಿಡಿದು, ನೆಲಕ್ಕೆ ಬಿಡಬೇಕು. ಹಳದಿ ಬೆಳಕು ಮಂಜನ್ನು ತೂರಿಕೊಂಡು ಹೋಗುತ್ತದೆ ಎಂಬ ನಂಬಿಕೆ ಇದೆ. ಆದರೆ ಮಂಜಿನ ಹನಿಗಳು ಬೆಳಕಿನ ಅಲೆಯ ಉದ್ದಕ್ಕಿಂತ ಎಷ್ಟೋ ದೊಡ್ಡವು, ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಸಮ ಚದುರಿಸುತ್ತವೆ.

‘ಹೆಡ್‌ಲೈಟ್ ಇದ್ದರೆ ಕೈಯ ಟಾರ್ಚ್ ಬೇಕೇ?’ ಎರಡೂ ಕೈಗೆ ಕೆಲಸವಿದ್ದಾಗ ಹೆಡ್‌ಲೈಟಿಗೆ ಸಾಟಿಯಿಲ್ಲ: ಕೊಟ್ಟಿಗೆಯಲ್ಲಿ ಕರು ಹಾಕಿಸುವಾಗ, ಪೈಪಿನ ಜಾಯಿಂಟು ಕೂರಿಸುವಾಗ. ನಡೆಯುವಾಗ ಅದಕ್ಕೊಂದು ದೋಷವಿದೆ, ಇದನ್ನು ನಾನು ಅಂಗಳದಲ್ಲೇ ನೋಡಿ ತಿಳಿದೆ. ಒಂದು ತುಂಡು ಹಗ್ಗವನ್ನು ಸೋಗೆಯ ಮೇಲೆ ಎಸೆದು ಹೆಡ್‌ಲೈಟ್ ಹಾಕಿಕೊಂಡು ನೋಡಿದರೆ ಹಗ್ಗ ಸೋಗೆಯಲ್ಲೇ ಕರಗಿಹೋಗುತ್ತದೆ. ಬೆಳಕು ಕಣ್ಣಿನ ಪಕ್ಕದಿಂದಲೇ ಹೊರಡುವುದರಿಂದ ನೆರಳು ಹಗ್ಗದ ಹಿಂದೆಯೇ ಅಡಗುತ್ತದೆ. ಅದೇ ಬೆಳಕನ್ನು ಮೊಣಕಾಲಿನ ಎತ್ತರಕ್ಕೆ ಇಳಿಸಿ. ಹಗ್ಗದ ಪಕ್ಕ ಕಪ್ಪು ನೆರಳು ಉದ್ದಕ್ಕೆ ಮಲಗುತ್ತದೆ, ಹಗ್ಗ ಎದ್ದು ಕಾಣುತ್ತದೆ. ರಜ್ಜು-ಸರ್ಪ ನ್ಯಾಯದಲ್ಲಿ ಮಂದ ಬೆಳಕಿಗೆ ಹಗ್ಗ ಹಾವಾಗಿ ಕಂಡಿತು. ನಮ್ಮ ದಾರಿಯಲ್ಲಿ ತಪ್ಪು ಹಿಡಿದ ಬೆಳಕಿಗೆ ಹಾವು ಕಾಣದೇ ಹೋಗುತ್ತದೆ.

ಆದರೆ ಪ್ರಾಣಿಯ ಕಣ್ಣಿನ ಹೊಳಪು ಹುಡುಕುವಾಗ ಹೆಡ್‌ಲೈಟೇ ಮೇಲು. ಚಿರತೆ, ಜಿಂಕೆ, ಬೆಕ್ಕಿನ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಪದರವಿದೆ. ಅದು ಬೆಳಕನ್ನು ಬಂದ ದಾರಿಯಲ್ಲೇ ಹಿಂದಿರುಗಿಸುತ್ತದೆ. ನಮ್ಮ ಕಣ್ಣು ಆ ದಾರಿಯ ಪಕ್ಕದಲ್ಲೇ ಇರಬೇಕು. ಹಂದಿಯ ಕಣ್ಣಿಗೆ ಆ ಪದರವಿಲ್ಲ. ಹಾಗಾಗಿ ಗದ್ದೆ ಕಾಯುವವರು ಹೊಳೆಯುವ ಕಣ್ಣಿಗಾಗಿ ಕಾಯಬಾರದು. ಮೈ ಕಾಣುವಷ್ಟು ಹರವಿನ ಬೆಳಕು ಬೇಕು.

‘ಮೊಬೈಲಿನಲ್ಲೇ ಟಾರ್ಚ್ ಇದೆಯಲ್ಲ’ ಎನ್ನುವವರಿಗೆ ಉತ್ತರ ಚಿಕ್ಕದು. ಅದರ ಬೆಳಕಿಗೆ ಕುಳಿಗನ್ನಡಿಯಿಲ್ಲ, ಹಾಗಾಗಿ ಕೆಲವೇ ಮೀಟರಿನಲ್ಲಿ ಚದುರಿಹೋಗುತ್ತದೆ. ಬೀಗ ತೆಗೆಯಲು ಸಾಕು. ಜಾರಿ ಬಿದ್ದಾಗ ಯಾರನ್ನಾದರೂ ಕರೆಯಬೇಕಾದ ಯಂತ್ರವನ್ನೇ ಬೆಳಕಿಗಾಗಿ ಖಾಲಿ ಮಾಡಬೇಡಿ.

ಬಣ್ಣದ ವಿಚಾರವನ್ನು ಬಹಳ ಜನ ಮರೆಯುತ್ತಾರೆ. ನೀಲಿಗೆ ತಿರುಗಿದ 6,500 ಕೆಲ್ವಿನ್ ಬೆಳಕು ಹೆಚ್ಚು ಪ್ರಖರ ಎನಿಸುತ್ತದೆ. ಆದರೆ ಕಂದು ಸೋಗೆಯ ಮೇಲೆ ಕಂದು ಕೊಳಕುಮಂಡಲವನ್ನು ಬೇರ್ಪಡಿಸಲು ಕೆಂಪು ಕಂದುಗಳ ಛಾಯೆ ಸರಿಯಾಗಿ ಮೂಡಬೇಕು. ಅದಕ್ಕೆ 4,000ದಿಂದ 4,500 ಕೆಲ್ವಿನ್, ಬಣ್ಣದ ನಿಷ್ಠೆ ಹೇಳುವ ಸಿಆರ್‌ಐ 90ರ ಮೇಲೆ ಇರುವ ಎಲ್‌ಇಡಿ ಹುಡುಕಿ. ಲುಮೆನ್ ಸ್ವಲ್ಪ ಕಡಿಮೆಯಾದರೂ ಈ ಕೊಡುಕೊಳು ಲಾಭದ್ದೇ.

ಇನ್ನು ವಿನಿಯೋಗ. ಮನೆಯೊಳಗೆ ಕರೆಂಟು ಹೋದಾಗ 50 ಲುಮೆನ್ನಿನ ಬೆಳಕನ್ನು ಸೂರಿಗೆ ಬಿಟ್ಟು ನಿಲ್ಲಿಸಿದರೆ ಊಟ ಮುಗಿಯುತ್ತದೆ. ಕಾಲುದಾರಿಗೆ 60 ಡಿಗ್ರಿಯ ಆಸುಪಾಸಿನ ಹರವು, 150 ಲುಮೆನ್. ಐದು ಮೀಟರ್ ಮುಂದೆ ಅದು ಏಳು ಲಕ್ಸ್ ಬೀಳಿಸುತ್ತದೆ, ಹುಣ್ಣಿಮೆಯ ಸುಮಾರು 28 ಪಟ್ಟು. ಅಂಗಳ, ಕಣ, ತೋಟದ ಅಂಚಿಗೆ ನಡುಬೊಟ್ಟು ಮತ್ತು ಸುತ್ತುಬೆಳಕು ಎರಡೂ ಇರುವ 5,000 ಕ್ಯಾಂಡೆಲಾದ್ದು. ಬರೆದ ದೂರ 140 ಮೀಟರ್, ಗುರುತು ಹಿಡಿಯುವ ದೂರ 70. ಬಯಲು ಗದ್ದೆಯ ಆಚೆ ದಂಡೆ ನೋಡಬೇಕಾದವರಿಗೆ, ಹೊಳೆಯಲ್ಲಿ ದೋಣಿ ಹುಡುಕುವವರಿಗೆ ಮಾತ್ರ 40,000 ಕ್ಯಾಂಡೆಲಾ ಮತ್ತು ಅದರ ಮೇಲಿನವು. ಒಂದೇ ಕೊಳ್ಳಲು ಹಣವಿದ್ದರೆ ಎರಡನೆಯದನ್ನು, ಅಂದರೆ ಕಾಲುದಾರಿಯದನ್ನು ಕೊಳ್ಳಿ. ದೂರದ ಹಂದಿ ತಪ್ಪಿಸಿಕೊಂಡರೆ ಬೆಳೆ ಹೋದೀತು, ಕಾಲಬುಡದ ಹಾವು ಕಾಣದಿದ್ದರೆ ಜೀವ.

ಡಬ್ಬಿಯ ಸಂಖ್ಯೆಯನ್ನು ನಂಬದವರು ಮನೆಯಲ್ಲೇ ಅಳೆಯಬಹುದು. ಕತ್ತಲ ಜಗಲಿಯಲ್ಲಿ ಗೋಡೆಗೆ ಐದು ಮೀಟರ್ ದೂರದಿಂದ ಟಾರ್ಚ್ ಹಿಡಿಯಿರಿ. ನಡುಬೊಟ್ಟಿನ ಅಗಲ 87 ಸೆಂಟಿಮೀಟರ್ ಬಂದರೆ ಕೋನ 10 ಡಿಗ್ರಿ. ಬೊಟ್ಟಿನ ನಡುವೆ ಲಕ್ಸ್ ಅಳೆಯುವ ಆ್ಯಪ್ ಹಾಕಿದ ಮೊಬೈಲ್ ಇಟ್ಟು, ಬಂದ ಸಂಖ್ಯೆಯನ್ನು 25ರಿಂದ ಗುಣಿಸಿ, ಅದೇ ಕ್ಯಾಂಡೆಲಾ. 400 ಲಕ್ಸ್ ಬಂದರೆ 10,000 ಕ್ಯಾಂಡೆಲಾ, 200 ಮೀಟರ್. ಮೊಬೈಲಿನ ಅಳತೆ ಕರಾರುವಾಕ್ಕಲ್ಲ, ಎರಡು ಟಾರ್ಚನ್ನು ಹೋಲಿಸಲು ಧಾರಾಳ ಸಾಕು.

ಅಂಗಡಿಗೆ ಹೋಗುವ ಮೊದಲಿನ ಸಂಜೆ, ಬೆಳಕಿರುವಾಗಲೇ, ಮನೆಯ ಮೆಟ್ಟಿಲಿನಿಂದ ಪಂಪ್‌ಮನೆಯವರೆಗೆ ಒಮ್ಮೆ ನಡೆದು ಹೆಜ್ಜೆ ಎಣಿಸಿ, ಎಲ್ಲೆಲ್ಲಿ ನಿಂತು ಏನು ನೋಡುತ್ತೀರಿ ಎಂದು ಚೀಟಿಯಲ್ಲಿ ಬರೆದುಕೊಳ್ಳಿ. ಆ ಚೀಟಿ ಹಿಡಿದೇ ಟಾರ್ಚ್ ಕೇಳಿ.